ತೊಗಲಿನ ಬಿಲ್ಲೆ, ಒಂದು ಹಾಳೆ ಕಾಗದ

ನಮ್ಮೂರ ಬೋರಿಂಗು ಕೆಟ್ಟು ನಿಂತದ್ದು ಒಂದು ತೊಗಲಿನ ಬಿಲ್ಲೆಯಿಂದ. ಅಂಗೈಗಿಂತ ಚಿಕ್ಕದು. ನೆಲದೊಳಗೆ ಎಷ್ಟೋ ಅಡಿ ಕೆಳಗೆ ಕೂತಿರುತ್ತದೆ. ಸವೆದುಹೋದರೆ ಮೇಲೆ ಎಷ್ಟು ಜನ ಜೋತುಬಿದ್ದು ಹ್ಯಾಂಡಲ್ ಹೊಡೆದರೂ ತೊಟ್ಟು ನೀರು ಬರುವುದಿಲ್ಲ. ಅವರೆಕಾಯಿ ಕಾಲದಲ್ಲಿ ಕಣದ ಪಕ್ಕ ಬೆಂಕಿ ಹಾಕಿಕೊಂಡು ಕೂತಾಗ ಹುಡುಗರು ‘ಆ ಬೋರಿಂಗ್ ಕಥೆ ಹೇಳು ತಾತಾ’ ಅನ್ನುತ್ತಾರೆ. ಹೇಳುತ್ತೇನೆ. ಅವರಿಗೆ ಕೈಪಂಪು ಅಂದರೇನು ಅನ್ನುವುದರಿಂದಲೇ ಶುರು ಮಾಡಬೇಕಾಗಿರುವುದು ಬೇರೆ ಮಾತು.

ಊರು ಮಂಚೇನಹಳ್ಳಿಯಿಂದ ಒಳಗೆ, ನಡೆದೇ ಹೋಗುವಷ್ಟು ದೂರ. ಹೆಸರು ಬೇಡ, ಆಗ ಇದ್ದವರ ಮಕ್ಕಳು ಮೊಮ್ಮಕ್ಕಳು ಈಗಲೂ ಇದ್ದಾರೆ. ಚಿಕ್ಕಬಳ್ಳಾಪುರ–ಗೌರಿಬಿದನೂರು ರಸ್ತೆಗೆ ಬಂದು ನಿಂತರೆ ಬಸ್ಸು. ಆಗ ಮಂಚೇನಹಳ್ಳಿ ಗೌರಿಬಿದನೂರು ತಾಲ್ಲೂಕಿನ ಒಂದು ಹೋಬಳಿ, ಜಿಲ್ಲೆ ಕೋಲಾರ. ಚಿಕ್ಕಬಳ್ಳಾಪುರ ಜಿಲ್ಲೆಯಾಗಲು 2007ರವರೆಗೆ ಕಾಯಬೇಕಿತ್ತು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಎಲ್ಲ ಹುಟ್ಟುವುದು ನಮ್ಮ ನಂದಿ ಬೆಟ್ಟದ ಸಾಲಿನಲ್ಲೇ. ಹುಟ್ಟುತ್ತವೆ, ನಮ್ಮನ್ನು ಬಿಟ್ಟು ಹೋಗುತ್ತವೆ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಈ ಸೀಮೆಗಿಲ್ಲ. ನಮಗೆ ನೀರು ಅಂದರೆ ಕೆರೆ, ಕೆರೆ ಕೆಳಗಿನ ಬಾವಿ, ಆಮೇಲೆ ಬೋರಿಂಗು.

1988ರ ಬೇಸಿಗೆ. ಅದಕ್ಕೆ ಹಿಂದಿನ ಮಳೆಗಾಲಗಳು ಸಾಲಾಗಿ ಕೈಕೊಟ್ಟಿದ್ದವು. ರಾಜ್ಯದ ಎಷ್ಟೋ ಕಡೆ ಬರ. ಕೆರೆಯಂಗಳದಲ್ಲಿ ಹುಡುಗರು ಚೆಂಡಾಡುತ್ತಿದ್ದರು. ಊರ ಬಾವಿಯ ತಳದಲ್ಲಿ ಒಂದಿಷ್ಟು ಕೆಸರು. ಉಳಿದದ್ದು ಆಂಜನೇಯನ ಗುಡಿ ಮುಂದಿನ ಒಂದೇ ಬೋರಿಂಗು. ಅದೂ ಶಿವರಾತ್ರಿ ಆಸುಪಾಸಿನಲ್ಲಿ ನಿಂತುಹೋಯಿತು.

ಆ ಪಂಪಿನ ಹೆಸರು ಇಂಡಿಯಾ ಮಾರ್ಕ್ 2. ಎಪ್ಪತ್ತರ ದಶಕದಲ್ಲಿ ಸರ್ಕಾರವೂ ಯುನಿಸೆಫ್‌ನವರೂ ಸೇರಿ ರೂಪಿಸಿದ್ದು, ಮದರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು. ಗಟ್ಟಿಮುಟ್ಟಾದ ಮಾಲು, ಅದರಲ್ಲಿ ಎರಡು ಮಾತಿಲ್ಲ. ಇನ್ನೂರೈವತ್ತು ಜನಕ್ಕೆ ಒಂದು ಪಂಪು ಎಂಬುದು ಸರ್ಕಾರದ ಲೆಕ್ಕ. ನಮ್ಮೂರಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಜನ, ಜೊತೆಗೆ ದನಕರು. ಬೆಳಗಿನ ಜಾವದಿಂದ ನಡುರಾತ್ರಿವರೆಗೆ ಹ್ಯಾಂಡಲ್ಲಿಗೆ ಬಿಡುವಿಲ್ಲ. ಮೇಲಿನ ಸರಪಳಿ, ಬೇರಿಂಗು ಹೋದರೆ ಎರಡು ಸ್ಪ್ಯಾನರ್ ಇದ್ದವನು ಸರಿಮಾಡಬಹುದು. ಕೆಳಗಿನ ಸಿಲಿಂಡರಿನೊಳಗಿನ ತೊಗಲಿನ ವಾಷರ್ ಹೋದರೆ ಕಥೆ ಮುಗಿಯಿತು. ಕಬ್ಬಿಣದ ಪೈಪು, ಅದರೊಳಗಿನ ಸರಳು, ಎಲ್ಲವನ್ನೂ ತುಂಡು ತುಂಡಾಗಿ ಬಿಚ್ಚುತ್ತ ಮೇಲಕ್ಕೆ ಎಳೆಯಬೇಕು. ಅದಕ್ಕೆ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಹಿಡಿಕೆಗಳು, ನಾಲ್ಕು ಜನ ಕಸುಬುದಾರರು, ಒಂದು ವ್ಯಾನು ಬೇಕು. ಊರಲ್ಲಿ ನೋಡಿಕೊಳ್ಳುವವನೊಬ್ಬ, ತಾಲ್ಲೂಕಿಗೆ ಮೆಕ್ಯಾನಿಕ್ಕು, ದೊಡ್ಡ ರಿಪೇರಿಗೆ ವ್ಯಾನು, ಹೀಗೆ ಮೂರು ಮೆಟ್ಟಿಲು. ಮೂರನೇ ಮೆಟ್ಟಿಲು ನಮ್ಮೂರಿಗೆ ಬಂದು ಮುಟ್ಟಲೇ ಇಲ್ಲ.

ನಾನಾಗ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದವನು. ಅಕ್ಷರ ದುಂಡಗಿದೆ ಅನ್ನುವ ಒಂದೇ ಕಾರಣಕ್ಕೆ ಊರ ಅರ್ಜಿಗಳೆಲ್ಲ ನನ್ನ ಪಾಲಿಗೆ. ‘ಘನತೆವೆತ್ತ’ದಿಂದ ‘ತಮ್ಮ ವಿಧೇಯ’ದವರೆಗೆ ಬರೆದು, ಹೆಬ್ಬೆಟ್ಟು ಒತ್ತಿಸಿ, ಬಸ್ಸು ಹತ್ತಿ ಕೊಟ್ಟು ಬರುತ್ತಿದ್ದೆ. ಯಾವ ಕಚೇರಿ, ಯಾರ ಮೇಜು ಅನ್ನುವುದನ್ನು ಈಗ ಎತ್ತಿ ಆಡುವುದಿಲ್ಲ. ಅರ್ಜಿ ತಗೊಳ್ಳುತ್ತಿದ್ದರು. ‘ಪಾಳಿಯಲ್ಲಿದೆ’ ಅನ್ನುತ್ತಿದ್ದರು. ಪಾಳಿ ಎಷ್ಟು ಉದ್ದ, ನಮ್ಮದು ಎಷ್ಟನೆಯದು ಅಂತ ಕೇಳುವ ಧೈರ್ಯ ನಮಗಿರಲಿಲ್ಲ, ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಊರಿಗೆ ಬಂದರೆ ಒಬ್ಬೊಬ್ಬರದು ಒಂದೊಂದು ಊಹೆ. ಓಟು ಹಾಕಲಿಲ್ಲ ಅಂತ ಸಿಟ್ಟು ಅಂದವರು ಕೆಲವರು, ಕೈ ಬಿಸಿ ಮಾಡಬೇಕು ಅಂದವರು ಇನ್ನು ಕೆಲವರು.

ಹೆಂಗಸರು ಅಷ್ಟು ಹೊತ್ತಿಗೆ ತೋಟದ ಬಾವಿಗಳಿಗೆ ಹೋಗಲು ಶುರುಮಾಡಿದ್ದರು. ಮೇಲಿನ ಬೀದಿಯವರನ್ನು ತೋಟದವರು ಬಿಟ್ಟುಕೊಂಡರು. ಕಾಲೋನಿಯವರಿಗೆ ಒಡೆಯನೇ ಸೇದಿ ಹಾಕಬೇಕು, ಅದೂ ಅವನಿಗೆ ಪುರುಸೊತ್ತಾದಾಗ. ಗುಡಿ ಮುಂದಿನ ಬೋರಿಂಗು ಚೆನ್ನಾಗಿದ್ದಾಗಲೂ ಅವರ ಬಿಂದಿಗೆ ಕೊನೆಗೇ ಇರುತ್ತಿತ್ತು ಅನ್ನುವುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದಿನದು ಅರ್ಥವಾಗಲು ಅದು ಬೇಕು.

ಇದಕ್ಕೆ ಸ್ವಲ್ಪ ಮೊದಲು ರಾಜ್ಯದಲ್ಲಿ ಒಂದು ದೊಡ್ಡ ಬದಲಾವಣೆ ಆಗಿತ್ತು. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ, ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬರು ಗ್ರಾಮೀಣಾಭಿವೃದ್ಧಿ ಮಂತ್ರಿ. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಅಂತಲೇ ಕರೆದರು. ಬೋರ್‌ವೆಲ್‌ಗಿಂತ ದೊಡ್ಡದು ಅವರು ಮಾಡಿದ ಇನ್ನೊಂದು ಕೆಲಸ. 1983ರ ಪಂಚಾಯಿತಿ ಕಾಯ್ದೆ, ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1985ರಲ್ಲಿ, ಚುನಾವಣೆ 1987ರ ಜನವರಿಯಲ್ಲಿ. ಜಿಲ್ಲೆಗೊಂದು ಜಿಲ್ಲಾ ಪರಿಷತ್ತು, ಎಂಟರಿಂದ ಹನ್ನೆರಡು ಸಾವಿರ ಜನಕ್ಕೊಂದು ಮಂಡಲ ಪಂಚಾಯಿತಿ. ಶೇಕಡಾ 25 ಸ್ಥಾನ ಹೆಂಗಸರಿಗೆ. ದೇಶದಲ್ಲಿ ಮೂರನೇ ಒಂದು ಪಾಲು ಅನ್ನುವ ಮಾತು ಸಂವಿಧಾನಕ್ಕೆ ಬರುವ ಎಷ್ಟೋ ಮುಂಚೆ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಮಂತ್ರಿಯ ಸ್ಥಾನಮಾನ. ಅವರ ಕೈಕೆಳಗೆ ಕೆಲಸ ಮಾಡಲು ಐಎಎಸ್ ಅಧಿಕಾರಿ. ಕಚೇರಿಗಳಲ್ಲಿ ಇದು ಎಲ್ಲರಿಗೂ ರುಚಿಸಿತು ಅಂತ ಹೇಳಲಾರೆ.

ಅದೇ ಕಾಯ್ದೆಯಲ್ಲಿ ಒಂದು ಸಣ್ಣ ಮಾತಿತ್ತು: ವರ್ಷಕ್ಕೆ ಎರಡು ಸಲವಾದರೂ ಊರ ಮತದಾರರನ್ನೆಲ್ಲ ಸೇರಿಸಿ ಗ್ರಾಮ ಸಭೆ ನಡೆಸಬೇಕು. ಆ ಸಭೆ ಅಂದರೇನು ಅಂತ ನಮಗೆ ಗೊತ್ತಿರಲಿಲ್ಲ. ತಮಟೆಯವನು ಸಾರಿಕೊಂಡು ಹೋದಾಗ ಮುಕ್ಕಾಲು ಪಾಲು ಜನ ಸಾಲ ಕೊಡುತ್ತಾರೆ ಅಂತ ತಿಳಿದುಕೊಂಡರು.

ಸಭೆ ಇಸ್ಕೂಲು ಮುಂದಿನ ಹುಣಸೆಮರದ ಕೆಳಗೆ. ಮಂಡಲದ ಪ್ರಧಾನರು ಬಂದರು, ಕಾರ್ಯದರ್ಶಿ ಬಂದರು, ಎಲ್ಲರಿಗೂ ಆಶ್ಚರ್ಯವಾಗುವ ಹಾಗೆ ಎಂಜಿನಿಯರೂ ಬಂದರು. ಜೀಪಿನಿಂದ ಇಳಿದದ್ದು ಮೂವತ್ತರ ಒಳಗಿನ ಹುಡುಗ. ಬಯಲುಸೀಮೆಯವನಲ್ಲ, ಮಾತಿನಲ್ಲಿ ಮಲೆನಾಡು. ಕುರ್ಚಿಗಳು ನಾಲ್ಕು. ಮೇಲಿನ ಬೀದಿಯವರು ಇಸ್ಕೂಲ ಜಗಲಿ ಮೇಲೆ, ಕಾಲೋನಿಯವರು ಮರದ ಆಚೆ ಬಿಸಿಲಲ್ಲಿ. ಮೀಸಲಾತಿಯಲ್ಲಿ ಗೆದ್ದಿದ್ದ ಮೆಂಬರಮ್ಮ ಕುರ್ಚಿ ಬಿಟ್ಟು ಹೆಂಗಸರ ನಡುವೆ ಸೆರಗು ಹೊದ್ದು ಕೂತಿದ್ದರು. ಅವರ ಗಂಡ ಕುರ್ಚಿಯಲ್ಲಿ.

ಮೊದಲು ಬಂದದ್ದು ಬೈಗುಳ. ಅಷ್ಟು ದಿನದ ದಾಹ ಒಟ್ಟಿಗೆ ಬಾಯಿಗೆ ಬಂದಿತ್ತು. ಎಂಜಿನಿಯರ್ ಹುಡುಗ ಕೂತವನು ಎದ್ದು ನಿಂತ. ಕೆಂಪಗಾಗಿದ್ದ. ಆಮೇಲೆ ಒಂದು ಕೆಲಸ ಮಾಡಿದ, ಅದಕ್ಕೆ ಮೊದಲು ಯಾವ ಅಧಿಕಾರಿಯೂ ನಮ್ಮೂರಲ್ಲಿ ಮಾಡದ್ದು: ತನ್ನ ಕಷ್ಟ ಹೇಳಿದ. ವ್ಯಾನು ಇರುವುದು ಒಂದು. ಸಾಲಿನಲ್ಲಿರುವ ಪಂಪುಗಳು ನೂರಾರು. ಬೇಸಿಗೆಯಲ್ಲಿ ಎಲ್ಲ ಕಡೆಯೂ ಒಟ್ಟಿಗೆ ಕೆಡುತ್ತವೆ, ಯಾಕೆಂದರೆ ಆಗಲೇ ಎಲ್ಲರೂ ಹೆಚ್ಚು ಹೊಡೆಯುವುದು. ವಾಷರಿನ ಬೆಲೆ ಕೆಲವೇ ರೂಪಾಯಿ, ಅದನ್ನು ಹಾಕಲು ಬರುವ ವ್ಯಾನಿನ ಡೀಸೆಲ್ಲೇ ಅದರ ಎಷ್ಟೋ ಪಟ್ಟು. ಹೇಳುತ್ತ ಹೇಳುತ್ತ ನೆಲದ ಮೇಲೆ ಕಡ್ಡಿಯಿಂದ ಪೈಪು, ಸರಳು, ಸಿಲಿಂಡರು ಗೀಚಿ ತೋರಿಸಿದ. ಜಗಲಿ ಮೇಲಿದ್ದವರೂ ಇಳಿದು ಬಗ್ಗಿ ನೋಡಿದರು. ನಮಗೆ ಆವತ್ತೇ ಗೊತ್ತಾದದ್ದು, ಕೆಟ್ಟಿರುವುದು ಆ ಇಷ್ಟಗಲದ ತೊಗಲು ಅಂತ.

ಕಮ್ಮಾರರ ಯಜಮಾನರೊಬ್ಬರು, ‘ಇಷ್ಟೇನಾ ಸಾರ್? ಬಾವಿಗೆ ಬಿದ್ದ ಎತ್ತನ್ನೇ ಎತ್ತಿದೀವಿ. ಮೂರು ಕಾಲಿಂದು ಸ್ಟ್ಯಾಂಡ್ ನಾನ್ ಮಾಡ್ತೀನಿ, ಹೇಳ್ಕೊಡೋಕೆ ಒಬ್ಬರನ್ನ ಕಳ್ಸಿ’ ಅಂದರು. ಪ್ರಧಾನರು ಕಾರ್ಯದರ್ಶಿಯ ಮುಖ ನೋಡಿದರು. ಮಂಡಲದ ಲೆಕ್ಕದಲ್ಲಿ ವಾಷರುಗಳನ್ನು ತಂದಿಟ್ಟುಕೊಳ್ಳುವುದು, ಊರಿನ ಇಬ್ಬರು ಹುಡುಗರಿಗೆ ಕೆಲಸ ಕಲಿಸುವುದು ಅಂತ ಅಲ್ಲೇ ಠರಾವು ಬರೆಸಿದರು. ಬರೆದದ್ದು ನಾನು, ಅಕ್ಷರ ದುಂಡಗಿದೆಯಲ್ಲ.

ಅಷ್ಟಕ್ಕೆ ಮುಗಿದಿದ್ದರೆ ಇದು ವಾಷರಿನ ಕಥೆ. ಆದರೆ ಎಂಜಿನಿಯರು ಜೇಬಿನಿಂದ ಒಂದು ಕಾಗದ ತೆಗೆದಿದ್ದ. ಬರದ ಲೆಕ್ಕದಲ್ಲಿ ಊರಿಗೆ ಇನ್ನೊಂದು ಬೋರಿಂಗು ಮಂಜೂರಾಗಿದೆ, ಕೆಲವು ದಿನದಲ್ಲಿ ರಿಗ್ ಬರುತ್ತದೆ, ‘ಗುಡಿ ಹಿಂದುಗಡೆ’ ಅಂದ. ಜಗಲಿ ಮೇಲೆ ಚಪ್ಪಾಳೆ. ಗುಡಿ ಮುಂದೆ ಒಂದು, ಹಿಂದೆ ಒಂದು.

ಬಿಸಿಲಲ್ಲಿ ಕೂತಿದ್ದವರಲ್ಲಿ ಒಬ್ಬ ಮುದುಕಿ ಎದ್ದಳು. ನಮ್ಮ ಕಡೆ ಮನೆಯ ಮಾತು ತೆಲುಗು, ಕಚೇರಿಯ ಮಾತು ಕನ್ನಡ, ಸಂತೆಯ ಮಾತು ಎರಡೂ. ಹೊಲದ ಸರ್ವೆಗೆ ಬಂದ ಹಾಗೆ ಪೆಟ್ಟಿಗೆ, ತಂತಿ, ಕಬ್ಬಿಣದ ಗೂಟ ಇಟ್ಟುಕೊಂಡು, ನೀರಿರುವ ಜಾಗ ಗುರುತಿಸಲು ಭೂವಿಜ್ಞಾನಿಯೊಬ್ಬರು ಹಿಂದಿನ ತಿಂಗಳು ಊರಿಗೆ ಬಂದಿದ್ದರು. ಕಾಲೋನಿಯ ಹೊಂಗೆಮರದ ಹತ್ತಿರ ಗೂಟ ಹೊಡೆದಾಗ ಅವರಿಗೆ ನೆರಳು, ಮಜ್ಜಿಗೆ ಕೊಟ್ಟವಳು ಇವಳೇ. ಅವರು ಅಲ್ಲಿ ಒಂದು ಕಲ್ಲಿಗೆ ಸುಣ್ಣ ಬಳಿದು ಹೋಗಿದ್ದರು. ಮುದುಕಿ ಎಂಜಿನಿಯರಿಗೆ ಕೈ ಮುಗಿದು, ‘ಆ ಕಾಗಿತಂ ಚದುವಂಡಿ ಸಾಮೀ, ವಿಂಟಾಮು’ ಅಂದಳು. ಓದಿ ಸ್ವಾಮಿ, ಕೇಳ್ತೀವಿ, ಅಷ್ಟೇ. ಕೊಡಿ ಅನ್ನಲಿಲ್ಲ, ಅನ್ಯಾಯ ಅನ್ನಲಿಲ್ಲ.

ಹುಡುಗನಿಗೆ ತೆಲುಗು ಬಾರದು. ಯಾರೋ ಹೇಳಿದರು. ಜಗಲಿ ಮೇಲಿಂದ ‘ಕೂತ್ಕೋಳಮ್ಮ, ದೊಡ್ಡೋರು ಮಾತಾಡ್ತಾವ್ರೆ’ ಅಂತ ಒಂದು ದನಿ ಬಂತು. ಆಗ ಮೆಂಬರಮ್ಮ ಮಾತಾಡಿದರು, ಎಲ್ಲರೆದುರು ಮಾತಾಡಿದ್ದು ಅದೇ ಮೊದಲು. ‘ಸಾರ್, ಸಭೆ ಅಂದ್ಮೇಲೆ ಕಾಗದ ಓದ್ಬೇಕಲ್ವಾ?’ ಕುರ್ಚಿಯಲ್ಲಿದ್ದ ಗಂಡ ಒಮ್ಮೆ ಹಿಂದಕ್ಕೆ ತಿರುಗಿ ನೋಡಿ, ಮತ್ತೆ ಮುಂದಕ್ಕೆ ತಿರುಗಿಕೊಂಡರು.

ಎಂಜಿನಿಯರು ಪ್ರಧಾನರ ಕಡೆ ನೋಡಿದ. ಪ್ರಧಾನರು ಸ್ವಲ್ಪ ಹೊತ್ತು ಹುಣಸೆಮರ ನೋಡಿದರು. ಅವರೂ ಮೇಲಿನ ಬೀದಿಯ ಪೈಕಿಯವರೇ, ಮುಂದಿನ ಓಟೂ ಅಲ್ಲೇ ಇತ್ತು. ‘ಓದಿ’ ಅಂದರು.

ಓದಿದ. ಭೂವಿಜ್ಞಾನಿ ಗುರುತಿಸಿದ ಮೊದಲ ಜಾಗ: ಕಾಲೋನಿಯ ಹೊಂಗೆಮರದ ಪಕ್ಕ. ಎರಡನೆಯದು: ಗುಡಿ ಹಿಂದೆ, ನೀರು ಸಿಗುವ ಸಂಭವ ಕಡಿಮೆ. ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಮಂಜೂರಾತಿ ಹೇಗೆ ಬಿತ್ತು ಅಂತ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಊರಲ್ಲಿ ಯಾರು ಯಾರ ಜೀಪಿನಲ್ಲಿ ಕೂತು ಹೋಗಿದ್ದರು ಎಂಬುದು ಎಲ್ಲರಿಗೂ ಗೊತ್ತಿತ್ತು. ಕಾಗದ ಕಚೇರಿಯ ಕಡತದಲ್ಲಿ ಇದ್ದಷ್ಟು ದಿನ ಅದು ನಡೆದುಹೋಗುವ ಮಾತು. ಮುನ್ನೂರು ಜನರ ಮುಂದೆ ಗಟ್ಟಿಯಾಗಿ ಓದಿದ ಮೇಲೆ, ‘ನೀರಿಲ್ಲದ ಕಡೆ ಕೊರೀರಿ’ ಅನ್ನಲು ಯಾವನಿಗೂ ಬಾಯಿ ಬರಲಿಲ್ಲ. ವಾದ ನಡೆಯಿತು, ಇಲ್ಲವೆನ್ನುವುದಿಲ್ಲ. ದೇವರ ಅಭಿಷೇಕಕ್ಕೆ ನೀರು ಬೇಕು ಅಂದರು. ಇಸ್ಕೂಲಿನ ಹತ್ತಿರ ಹಾಕಿ ಅಂತ ನಡುವಿನ ದಾರಿ ಹುಡುಕಿದರು. ಕಮ್ಮಾರರ ಯಜಮಾನರೇ ಕೊನೆಗೆ, ‘ಒಳಗಿರೋ ಗಂಗಮ್ಮನಿಗೆ ಬೀದಿ ಗೊತ್ತಿಲ್ಲ ಕಣ್ರಪ್ಪ, ಇರೋ ಕಡೆ ಕೊರೀರಿ’ ಅಂದದ್ದು. ಠರಾವಿನಲ್ಲಿ ನಾನು ‘ಗುಡಿ ಹಿಂದೆ’ ಹೊಡೆದು ‘ಹೊಂಗೆಮರದ ಪಕ್ಕ’ ಬರೆದೆ. ಪ್ರಧಾನರು ರುಜು ಹಾಕಿದರು. ಆ ರುಜುವಿಗೆ ಅವರು ಬೆಲೆ ತೆತ್ತರು. ಮುಂದೆ ಅವರ ಮನೆಯ ಮದುವೆಗೆ ಮೇಲಿನ ಬೀದಿಯ ಅರ್ಧ ಜನ ಹೋಗಲಿಲ್ಲ.

ರಿಗ್ ಲಾರಿ ಬಂದ ದಿನ ಊರಿಗೆ ಊರೇ ಅಲ್ಲಿತ್ತು. ಕಂಪ್ರೆಸರಿನ ಸದ್ದಿಗೆ ಎಮ್ಮೆಗಳು ಹಗ್ಗ ಕಿತ್ತುಕೊಂಡು ಓಡಿದವು. ಬಿಳಿ ಕಲ್ಲುಪುಡಿ ಎಲ್ಲರ ತಲೆ ಮೇಲೆ. ನೂರು ಅಡಿಗೆ ಏನೂ ಇಲ್ಲ. ಜಗಲಿಯವರ ಮುಖದಲ್ಲಿ ಒಂದು ಥರದ ಸಮಾಧಾನ. ನೂರೈವತ್ತು ದಾಟಿದ ಮೇಲೆ ಪುಡಿ ಒದ್ದೆಯಾಯಿತು, ಆಮೇಲೆ ಕೆಸರಾಯಿತು, ಆಮೇಲೆ ನೀರು ಮೇಲಕ್ಕೆ ಚಿಮ್ಮಿತು. ಮುದುಕಿ ತೆಂಗಿನಕಾಯಿ ಹಿಡಿದುಕೊಂಡೇ ಇದ್ದಳು, ಒಡೆಯುವುದನ್ನು ಮರೆತಿದ್ದಳು.

ಅಷ್ಟರಲ್ಲಿ ಗುಡಿ ಮುಂದಿನ ಹಳೆಯ ಪಂಪಿಗೂ ಹೊಸ ವಾಷರ್ ಬಿತ್ತು. ಆದರೆ ಆ ಬೇಸಿಗೆಯ ಕೊನೆಗೆ ಅಲ್ಲಿ ವಾಷರ್ ಇದ್ದರೂ ನೀರಿಲ್ಲದ ಹಾಗಾಯಿತು, ಅಂತರ್ಜಲವೇ ಇಳಿದಿತ್ತು. ಮೇಲಿನ ಬೀದಿಯ ಹೆಂಗಸರು ಮೊದಮೊದಲು ತೋಟಗಳಿಗೇ ಹೋದರು. ಆಮೇಲೆ ಕತ್ತಲಾದ ಮೇಲೆ ಒಬ್ಬೊಬ್ಬರೇ ಹೊಂಗೆಮರದ ಕಡೆ ಬಂದರು. ಕೊನೆಗೆ ಹಗಲಲ್ಲೇ. ಕಾಲೋನಿಯವರು ತಡೆಯಲಿಲ್ಲ, ಒಂದೇ ಒಂದು ಕಟ್ಟಳೆ ಮಾಡಿದರು: ಬಿಂದಿಗೆ ಸಾಲಿನಲ್ಲಿ ಇಡಬೇಕು, ಬಂದ ಸರದಿಗೆ ಹೊಡೆಯಬೇಕು. ಯಾರ ಮನೆಯ ಬಿಂದಿಗೆಯಾದರೂ ಸರಿ. ಗೌಡರ ಮನೆಯ ತಾಮ್ರದ ಬಿಂದಿಗೆ ಮಣ್ಣಿನ ಮಡಕೆಯೊಂದರ ಹಿಂದೆ ನಿಂತದ್ದನ್ನು ನಾನು ನೋಡಿದ್ದೇನೆ.

ಹಾಗಂತ ಊರು ಬದಲಾಯಿತು ಅಂತ ಬೆಂಕಿ ಮುಂದೆ ಕೂತು ಸುಳ್ಳು ಹೇಳಬಾರದು. ಬೋರಿಂಗು ಒಂದಾಯಿತು, ಹೋಟೆಲಿನಲ್ಲಿ ಲೋಟ ಎರಡೇ ಉಳಿಯಿತು. ಕೆಲವು ವರ್ಷಗಳ ಮೇಲೆ ಮೋಟರಿನ ತೊಂಬೆ ಬಂದಾಗ ಮೇಲಿನ ಬೀದಿಯವರು ಮೊದಲು ಕೇಳಿದ್ದು ತಮ್ಮ ಬೀದಿಗೆ ಬೇರೆ ಪೈಪು.

ನಜೀರ್ ಸಾಬರು ಅದೇ 1988ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮಂಡಲಗಳ ಅವಧಿ 1992ಕ್ಕೆ ಮುಗಿಯಿತು. ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿದರು. 1993ರ ಪಂಚಾಯತ್ ರಾಜ್ ಕಾಯ್ದೆ ಬಂತು, ಮಂಡಲ ಹೋಗಿ ಗ್ರಾಮ ಪಂಚಾಯಿತಿ ಆಯಿತು. ಈಗ ಮಂಚೇನಹಳ್ಳಿಯೇ ತಾಲ್ಲೂಕು. ಪಹಣಿಗೆ, ಪಿಂಚಣಿಗೆ ಗೌರಿಬಿದನೂರಿನ ಬಸ್ಸು ಕಾಯಬೇಕಿಲ್ಲ, ಅದು ಸಣ್ಣ ಸುಖವಲ್ಲ. ನೂರೈವತ್ತು ಅಡಿಯ ಮಾತು ಹೇಳಿದರೆ ಮಾತ್ರ ಹುಡುಗರು ನಗುತ್ತಾರೆ. ಈಗ ಸಾವಿರ ಅಡಿ ದಾಟಿದರೂ ಸಿಕ್ಕರೆ ಪುಣ್ಯ, ಸಿಕ್ಕ ನೀರಿನಲ್ಲಿ ಫ್ಲೋರೈಡು. ಕುಡಿಯಲು ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಘಟಕ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರು ಶುದ್ಧಿಯಾಗಿ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಎತ್ತಿನಹೊಳೆ ಬರುತ್ತದೆ ಅಂತ 2014ರಲ್ಲಿ ಅಡಿಗಲ್ಲು ಹಾಕಿದರು. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಕಡೆ ಮೊದಲ ಹಂತದ ಪಂಪುಗಳನ್ನು ಚಾಲೂ ಮಾಡಿದರು. ‘ಮನೆ ಮನೆಗೆ ಗಂಗೆ’ಯ ನಲ್ಲಿ ಹಿತ್ತಲಿಗೆ ಬಂದಿದೆ. ಕೊಳಾಯಿಗೆ ನೀರು ಬರಲು ಕೊಳವೆಬಾವಿಯಲ್ಲಿ ನೀರಿರಬೇಕು ಅನ್ನುವುದು ನೀರುಗಂಟಿಗೆ ಗೊತ್ತು, ನಮಗೂ ಗೊತ್ತು.

ಅಧಿಕಾರಿಗಳೂ ಊರಿಗೆ ಬರುತ್ತಾರೆ. 2006ರಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದಾಗ ಹಳ್ಳಿಗಳಲ್ಲಿ ತಂಗಿದರು. 2021ರ ಫೆಬ್ರುವರಿಯಲ್ಲಿ ‘ಜಿಲ್ಲಾಧಿಕಾರಿಗಳ ನಡೆ ಹಳ್ಳಿ ಕಡೆ’ ಶುರುವಾದದ್ದು ನಮ್ಮ ನೆರೆಯ ದೊಡ್ಡಬಳ್ಳಾಪುರ ತಾಲ್ಲೂಕಿನ ಹೊಸಹಳ್ಳಿಯಲ್ಲೇ; ತಿಂಗಳ ಮೂರನೇ ಶನಿವಾರ ಒಂದು ಹಳ್ಳಿ ಅಂತ ಗೊತ್ತು ಮಾಡಿದರು. ಶಾಮಿಯಾನ, ಮೈಕು, ಸಾಲು ಮೇಜು. ವಿಧವಾ ವೇತನ, ಖಾತೆ ಬದಲಾವಣೆ, ಸ್ಮಶಾನದ ಜಾಗ ಇಂಥವು ಅಲ್ಲಲ್ಲೇ ತೀರುತ್ತವೆ, ರುಜು ಹಾಕುವವರೇ ಎದುರಿಗಿರುತ್ತಾರಲ್ಲ. ಇದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಆ ಶಾಮಿಯಾನದಲ್ಲಿ ನಾವು ಮತ್ತೆ ಅರ್ಜಿ ಕೊಡುವವರು, ಅವರು ತಗೊಳ್ಳುವವರು. ಹುಣಸೆಮರದ ಕೆಳಗೆ ಹಾಗಿರಲಿಲ್ಲ. ಅಲ್ಲಿ ಅವರು ತಂದ ಕಾಗದವನ್ನು ನಾವು ತಿದ್ದಿದೆವು.

ಗ್ರಾಮ ಸಭೆ ಈಗಲೂ ಕಾಯ್ದೆಯಲ್ಲಿದೆ, ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು, ಅದಕ್ಕೆ ಮುಂಚೆ ವಾರ್ಡ್ ಸಭೆ. ಎಷ್ಟೋ ಕಡೆ ಏನಾಗುತ್ತದೆ ಅಂದರೆ, ಪಂಚಾಯಿತಿಯ ಹುಡುಗ ಹಾಜರಿ ಪುಸ್ತಕ ಹಿಡಿದು ಮನೆ ಮನೆಗೆ ಬರುತ್ತಾನೆ, ನಾವು ಟೀವಿ ನೋಡುತ್ತಲೇ ರುಜು ಹಾಕುತ್ತೇವೆ. ಸಭೆ ಆಯಿತು ಅಂತ ಬರೆದುಕೊಂಡು ಹೋಗುತ್ತಾನೆ. ಅವನ ತಪ್ಪು ಅರ್ಧ, ಉಳಿದರ್ಧ ನಮ್ಮದೇ.

ಮುಂದಿನ ಸಲ ಪಂಚಾಯಿತಿ ಆಟೋ ಮೈಕು ಹಾಕಿಕೊಂಡು ಸಾರುತ್ತ ಬಂದರೆ ಹೋಗಿ. ಮನೆ ಬಾಗಿಲಲ್ಲಿ ರುಜು ಹಾಕಬೇಡಿ. ಭಾಷಣ ಮಾಡಬೇಕಾಗಿಲ್ಲ, ಜಗಳವೂ ಬೇಡ. ನಿಮ್ಮ ವಾರ್ಡಿನ ಕ್ರಿಯಾ ಯೋಜನೆಯನ್ನು, ಯಾವ ಕೆಲಸ, ಯಾವ ಜಾಗ, ಎಷ್ಟು ದುಡ್ಡು ಅನ್ನುವುದನ್ನು ಎಲ್ಲರಿಗೂ ಕೇಳಿಸುವ ಹಾಗೆ ಗಟ್ಟಿಯಾಗಿ ಓದಿಸಿ.